ಭಂಡಾರ ಮುಟ್ಟಿದ ಸಲಹೆಗಾರ

ಕೊರೊನಾ ಹಾವಳಿ ತಗ್ಗಿ ಊರುಗಳು ಮತ್ತೆ ಮೊದಲಿನ ಹಾಗೆ ಓಡಾಡತೊಡಗಿದ ವರ್ಷ ನಾನು ಮೂಡಲಗಿಯ ನಮ್ಮ ಬ್ಯಾಂಕ್ ಶಾಖೆಗೆ ಮ್ಯಾನೇಜರ್ ಆಗಿ ಬಂದೆ. ಅದು ನನ್ನ ಕೊನೆಯ ಪೋಸ್ಟಿಂಗ್. ಅಲ್ಲಿಯವರಿಗೆ ನಾನು ಬ್ಯಾಂಕಿನ ಬಾಯಾರು, ಅಂದರೆ ಮೇಡಂ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮನೆ ಹುಕ್ಕೇರಿಯಲ್ಲಿ, ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿ ಬಂದರೆ ವಾರದ ಕೊನೆಗೆ ಮರಳುವುದು, ನಡುವೆ ಮೂಡಲಗಿಯಲ್ಲೊಂದು ಬಾಡಿಗೆ ಕೋಣೆ. ನನ್ನದು ಹುಟ್ಟಾ ಚಿಂತೆಯ ಸ್ವಭಾವ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ಮನೆಗೆ ವಾಪಸ್ ಹೋದವಳು ನಾನು. ಯಜಮಾನರು ಇದನ್ನು ಇಷ್ಟು ವರ್ಷ ಆಡಿಕೊಂಡು ನಕ್ಕಿದ್ದಾರೆ. ಆದರೆ ಬ್ಯಾಂಕಿನ ಕುರ್ಚಿಯಲ್ಲಿ ಕೂತಾಗ ಈ ಚಿಂತೆ ಕೆಲವೊಮ್ಮೆ ಉಪಯೋಗಕ್ಕೆ ಬಂದಿದೆ, ಅದರಲ್ಲಿ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು.

ನಾಗನೂರಿನ ಲಗಮಪ್ಪ ಮತ್ತು ಬಾಳವ್ವ ನಮ್ಮ ಶಾಖೆಯ ಗ್ರಾಹಕರು. ತಲೆತಲಾಂತರದಿಂದ ಕುರಿ ಕಾಯ್ದ ಮನೆತನ. ರಸ್ತೆಯ ಮೇಲೆ ಹಿಂಡು ಹೊಡೆದುಕೊಂಡು ಹೋಗುವಾಗ ಮೋಟರ್ ಸೈಕಲ್ ಬಡಿದು ಲಗಮಪ್ಪನ ಮೊಣಕಾಲು ಮುರಿದಿತ್ತು. ಆಪರೇಷನ್ ಆಯಿತು, ನಡೆಯಲು ಬಂತು, ಆದರೆ ಊರೂರು ಅಲೆದು ಕುರಿ ಮೇಯಿಸುವಷ್ಟು ಕಾಲು ಬರಲಿಲ್ಲ. ಹಿಂಡು ಮಾರಿದರು. ಬಂದದ್ದು ಹನ್ನೊಂದು ಲಕ್ಷ. ಅದರಲ್ಲಿ ಎಂಟು ಲಕ್ಷವನ್ನು ನಮ್ಮಲ್ಲಿ ಎಫ್‌ಡಿ ಇಟ್ಟರು, ಅಂದರೆ ಇಂತಿಷ್ಟು ಅವಧಿಗೆ ಎಂದು ಇಡುವ ಠೇವಣಿ. ಮೂರು ಲಕ್ಷವನ್ನು ಮನೆಯಲ್ಲಿಟ್ಟುಕೊಂಡರು. ಇಡುವಾಗಲೇ ಉದ್ದೇಶ ಹೇಳಿದ್ದರು. ಊರ ಬಾಜೂ ಮೂವತ್ತು ಗುಂಟೆ ಹೊಲ ನೋಡಿದ್ದರು. ಮಾಲೀಕ ಸಂಕೇಶ್ವರದಲ್ಲಿ ವ್ಯಾಪಾರ ಮಾಡಿಕೊಂಡಿರುವವನು, ದಸರಾ ಆದಮೇಲೆ ರಿಜಿಸ್ಟ್ರಿ ಮಾಡಿಕೊಡುತ್ತೇನೆಂದಿದ್ದ. ಆ ಎಂಟು ಮತ್ತು ಈ ಮೂರು ಸೇರಿದರೆ ಹೊಲದ ಬೆಲೆಗೆ ಸರಿಯಾಗುತ್ತಿತ್ತು.

ಆ ಮಳೆಗಾಲದ ಒಂದು ಬೆಳಿಗ್ಗೆ ಲಗಮಪ್ಪ ಒಬ್ಬನೇ ಬಂದು ಎಫ್‌ಡಿ ಮುರಿಸಬೇಕು ಎಂದ. ಅವಧಿ ಮುಗಿಯಲು ಇನ್ನೂ ಮೂರು ತಿಂಗಳಿತ್ತು. ಮುರಿಸಿದರೆ ಬಡ್ಡಿಯಲ್ಲಿ ಕಡಿತವಾಗುತ್ತದೆ ಎಂದೆ. ಆಗಲಿ ಎಂದ. ಹೊಲದ ರಿಜಿಸ್ಟ್ರಿ ಮುಂಚೆ ಬಂತೇ ಎಂದು ಕೇಳಿದೆ. ಮನೆಯಲ್ಲಿ ಕೆಲಸವಿದೆ ಎಂದು ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿದ. ಮಗಳು ಹೆರಿಗೆಗೆ ತವರಿಗೆ ಬಂದಿದ್ದಳೆಂದು ನನಗೆ ಗೊತ್ತಿತ್ತು; ಕೂಸಿಗೇನಾದರೂ ತೊಂದರೆಯೇ ಎಂದು ಗಾಬರಿಯಾಗಿ ವಿಚಾರಿಸಿದೆ. ಕೂಸು ಬಾಣಂತಿ ಇಬ್ಬರೂ ಆರಾಮ ಎಂದ. ಕುರಿ ಕಾಯುವವರು ಮಾತು ಕಡಿಮೆ ಆಡಬಹುದು, ಆದರೆ ಆಡುವ ಮಾತನ್ನು ಮುಖ ನೋಡಿ ಆಡುತ್ತಾರೆ. ಇವನು ನನ್ನ ಮುಖ ನೋಡಲೇ ಇಲ್ಲ.

ಗ್ರಾಹಕ ತನ್ನ ಹಣವನ್ನು ಕೇಳಿದರೆ ಕೊಡದೆ ಇರುವ ಅಧಿಕಾರ ಬ್ಯಾಂಕಿಗಿಲ್ಲ. ಯಾಕೆ ಎಂದು ಒಮ್ಮೆ ಕೇಳಬಹುದು, ಬುದ್ಧಿ ಹೇಳಬಹುದು, ಅಷ್ಟೇ. ಆದರೆ ಆ ಠೇವಣಿ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿತ್ತು. ಜಂಟಿ ಠೇವಣಿಯನ್ನು ಅವಧಿಗೆ ಮುಂಚೆ ಮುರಿಸಬೇಕಾದರೆ ಇಬ್ಬರ ಸಹಿಯೂ ಬೇಕೆಂಬುದು ನಮ್ಮಲ್ಲಿಯ ನಿಯಮ. ಬಾಳವ್ವನನ್ನು ಕರೆದುಕೊಂಡು ಬನ್ನಿ ಎಂದೆ. ಸೋಮವಾರ ಬರುತ್ತೇವೆ ಎಂದು ಹೋದ.

ನಮ್ಮ ಫೀಲ್ಡ್ ಆಫೀಸರ್ ಹಿರೇಮಠ ಹಳ್ಳಿಹಳ್ಳಿ ತಿರುಗುವವರು. ಅವರನ್ನು ಕರೆದು ನಾಗನೂರಿನಲ್ಲಿ ಏನು ನಡೆದಿದೆ ಎಂದು ಕೇಳಿದೆ. ಅವರು ಬಾಗಿಲು ಹಾಕಿ ಕೂತರು. ಗೋಕಾಕದಲ್ಲಿ ಸದಾನಂದ ಎಂಬೊಬ್ಬ ಹೂಡಿಕೆ ಸಲಹೆಗಾರ ಆಫೀಸ್ ತೆರೆದಿದ್ದಾನೆ, ತಿಂಗಳಿಗೆ ನೂರಕ್ಕೆ ಮೂರರಂತೆ ಕೊಡುತ್ತಾನಂತೆ, ನಾಗನೂರು, ಮಮದಾಪುರದ ಕಡೆಯ ಕುರುಬರ ಮನೆಗಳಲ್ಲಿ ಅವನದೇ ಗುಸುಗುಸು, ಆದರೆ ಯಾರೂ ಬಾಯಿ ಬಿಡುತ್ತಿಲ್ಲ ಎಂದರು. ನಾನು ಕಂಪ್ಯೂಟರಿನಲ್ಲಿ ನೋಡಿದೆ. ಆ ಎರಡು ತಿಂಗಳಲ್ಲಿ ನಾಗನೂರಿನ ಹಲವು ಠೇವಣಿಗಳು ಮುರಿದಿದ್ದವು. ಹಣ ಹೋದದ್ದು ಒಂದೇ ಖಾತೆಗೆ. ಅದು ಕಂಪನಿಯ ಖಾತೆಯಲ್ಲ, ಸದಾನಂದನ ಸ್ವಂತದ ಉಳಿತಾಯ ಖಾತೆ. ಮೇಲಿನ ಕಚೇರಿಗೆ ಅಂದೇ ವರದಿ ಬರೆದೆ. ವರದಿಗೆ ಉತ್ತರ ಬರುವುದು ಅವರ ಪುರುಸೊತ್ತಿನ ಮೇಲೆ. ಲಗಮಪ್ಪ ಬರುವುದು ಸೋಮವಾರ. ಇನ್ನೊಂದು ಕಟ್ಟುಪಾಡೂ ಇತ್ತು: ಒಬ್ಬ ಗ್ರಾಹಕನ ವ್ಯವಹಾರವನ್ನು ಇನ್ನೊಬ್ಬನ ಮುಂದೆ ಆಡುವಂತಿಲ್ಲ. ನೋಡಿ, ನಿಮ್ಮ ಊರಿನ ಇಷ್ಟು ಜನ ಹೀಗೆ ಮಾಡಿಕೊಂಡಿದ್ದಾರೆ ಎಂದು ಲಗಮಪ್ಪನಿಗೆ ಹೇಳುವ ಹಾಗಿರಲಿಲ್ಲ.

ಆ ಶನಿವಾರ ಬ್ಯಾಂಕಿಗೆ ರಜೆ. ಹುಕ್ಕೇರಿಗೆ ಹೋಗುವ ದಾರಿಯಲ್ಲಿ ಗೋಕಾಕದಲ್ಲಿ ಇಳಿದೆ. ಯಾಕೆ ಇಳಿದೆ ಎಂದು ಕೇಳಿದರೆ, ಸುಮ್ಮನೆ ಮನೆಗೆ ಹೋಗಿ ಕೂಡಲು ಆಗುತ್ತಿರಲಿಲ್ಲ. ಸದಾನಂದನ ಆಫೀಸ್ ಮೇಲ್ಮಹಡಿಯಲ್ಲಿತ್ತು. ಗಾಜಿನ ಬಾಗಿಲು, ಎ.ಸಿ., ಗೋಡೆಯ ಮೇಲೆ ಚೌಕಟ್ಟು ಹಾಕಿದ ಸರ್ಟಿಫಿಕೇಟು. ಮೂಲೆಯಲ್ಲಿ ಕುರುಬರ ದೇವರು ಬೀರಪ್ಪನ ಫೋಟೊ, ಅದರ ಮುಂದೆ ತಾಮ್ರದ ಬಟ್ಟಲಲ್ಲಿ ಭಂಡಾರ. ಭಂಡಾರವೆಂದರೆ ದೇವರ ಅರಿಸಿನ ಪುಡಿ. ಬೀರಪ್ಪನ ಒಕ್ಕಲಿಗೆ ಅದು ಹಣೆಗೆ ಹಚ್ಚುವ ಪ್ರಸಾದವೂ ಹೌದು, ಮಾತು ಕೊಡುವಾಗ ಮುಟ್ಟುವ ಸಾಕ್ಷಿಯೂ ಹೌದು. ಹೂಡಿಕೆ ಆಫೀಸಿನಲ್ಲಿ ಅದನ್ನು ಕಂಡಾಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು.

ಸದಾನಂದನಿಗೆ ನಲವತ್ತರ ಆಸುಪಾಸು. ಎದ್ದು ನಿಂತು ನಮಸ್ಕಾರ ಮಾಡಿದ, ಚಹಾ ತರಿಸಿದ. ನಾನು ನಿವೃತ್ತಿಗೆ ಹತ್ತಿರ ಇದ್ದೇನೆ, ಬರುವ ಹಣವನ್ನು ಏನು ಮಾಡಲಿ ಎಂದು ಕೇಳಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ತಿಂಗಳಿಗೆ ಮೂರು ಖಾತ್ರಿ, ಲಾಸ್ ಅನ್ನುವ ಮಾತೇ ಇಲ್ಲ ಎಂದ. ಎಲ್ಲಿ ಹೂಡುತ್ತೀರಿ ಎಂದರೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ. ಹಸಿರು ಕೆಂಪು ಗೆರೆಗಳು ಮೇಲೆ ಕೆಳಗೆ ಓಡುತ್ತಿದ್ದವು. ಹಣ ತನ್ನ ಸ್ವಂತ ಖಾತೆಗೆ ಬರಲಿ, ಕಂಪನಿ ಖಾತೆಗೆ ಹಾಕಿದರೆ ಸುಮ್ಮನೆ ತೆರಿಗೆ ಎಂದ. ಈ ತಿಂಗಳು ಸೇರಿದವರಿಗೆ ಮಾತ್ರ ಈ ದರ ಎಂದೂ ಸೇರಿಸಿದ. ಕೊನೆಗೆ, ಬ್ಯಾಂಕಿನವರಿಗೆ ಹೇಳಬೇಡಿ, ಠೇವಣಿ ಕೈತಪ್ಪುತ್ತದೆಂದು ಅವರಿಗೆ ಹೊಟ್ಟೆಕಿಚ್ಚು ಎಂದಾಗ ನನಗೆ ನಗು ತಡೆಯುವುದು ಕಷ್ಟವಾಯಿತು. ಚಹಾ ಕುಡಿಯುವ ನೆಪದಲ್ಲಿ ನಗು ಮುಚ್ಚಿಕೊಂಡೆ. ಅಷ್ಟರಲ್ಲಿ ಅವನಿಗೆ ಯಾರದೋ ಫೋನ್ ಬಂತು. ನನ್ನ ಜೊತೆ ಪುಸ್ತಕದ ಭಾಷೆ ಆಡುತ್ತಿದ್ದವನು ಕ್ಷಣದಲ್ಲಿ ಬದಲಾದ. "ನಿಮ್ಮ ರೊಕ್ಕ ಅಂದ್ರ ತಾಯಿ ಕುರಿ ಇದ್ದಂಗ ಕಾಕಾ. ಪಾಲಿಗೆ ಹಾಕೀರಿ. ತಿಂಗಳ ತಿಂಗಳ ಮರಿ ನಿಮಗ ಬರತೈತಿ. ನಡಬರಕ ತಾಯಿ ಕುರಿ ಕೇಳಬಾರದು," ಎಂದ.

ಎದ್ದು ಬರುವಾಗ ಸರ್ಟಿಫಿಕೇಟಿನ ಮೇಲಿನ ನೋಂದಣಿ ಸಂಖ್ಯೆಯನ್ನು ನೆನಪಿಟ್ಟುಕೊಂಡು ಬಂದೆ. ಹೂಡಿಕೆ ಸಲಹೆ ಕೊಡುವವರು ಶೇರು ಮಾರುಕಟ್ಟೆಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಆ ಸಂಖ್ಯೆಯನ್ನು ಮಂಡಳಿಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ಬಸ್ಸಿನಲ್ಲಿ ಕೂತು ಹುಡುಕಿದೆ. ಆ ಸಂಖ್ಯೆ ಬೇರೆ ರಾಜ್ಯದ ಬೇರೊಬ್ಬರ ಹೆಸರಿನಲ್ಲಿತ್ತು. ಅದೂ ಅಲ್ಲದೆ, ನಿಜವಾದ ಸಲಹೆಗಾರ ಸಲಹೆಗೆ ಶುಲ್ಕ ತೆಗೆದುಕೊಳ್ಳುತ್ತಾನೆ, ನಿಮ್ಮ ಹೂಡಿಕೆಯ ಹಣವನ್ನು ತನ್ನ ಖಾತೆಗೆ ಹಾಕಿಸಿಕೊಳ್ಳುವ ಹಾಗಿಲ್ಲ. ಇಷ್ಟು ಲಾಭ ಖಾತ್ರಿ ಎಂದು ಹೇಳುವ ಹಾಗೂ ಇಲ್ಲ. ಹುಕ್ಕೇರಿ ಬಂದದ್ದೇ ಗೊತ್ತಾಗಲಿಲ್ಲ, ಕಂಡಕ್ಟರ್ ಎಬ್ಬಿಸಿದ ಹಾಗೆ ಕೂಗಿ ಇಳಿಸಿದ. ಭಾನುವಾರ ಊಟ ರುಚಿಸಲಿಲ್ಲ. ಯಾರದೋ ಹಣಕ್ಕೆ ನೀನ್ಯಾಕೆ ಸೊರಗುತ್ತೀ ಎಂದು ಯಜಮಾನರು ಕೇಳಿದರು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಿದ್ದ ಲಗಮಪ್ಪ ಕಣ್ಣ ಮುಂದಿದ್ದ. ಕುರಿ ಹೋಗಿ ಆಗಿತ್ತು. ಈಗ ಹೊಲವೂ ಹೋದರೆ ಆ ಮನೆ ಯಾವುದರ ಮೇಲೆ ನಿಲ್ಲಬೇಕು ಎಂಬುದೊಂದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು.

ಸೋಮವಾರ ಇಬ್ಬರೂ ಬಂದರು. ಬಾಳವ್ವ ಸೆರಗು ಹೊದ್ದು, ಕುರ್ಚಿಯ ಅಂಚಿನಲ್ಲಿ ಕೂತಳು. ನಾನು ಫಾರಂ ತೆಗೆಯಲಿಲ್ಲ. ಸದಾನಂದನ ಹತ್ತಿರ ಇಡುವವರಿದ್ದೀರಾ ಎಂದು ನೇರವಾಗಿ ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊಬೈಲ್ ತೆಗೆದು ನೋಂದಣಿ ಸಂಖ್ಯೆಯ ಕಥೆ ತೋರಿಸಿದೆ, ಖಾತ್ರಿ ಎನ್ನುವವನು ಸಲಹೆಗಾರನೇ ಅಲ್ಲ ಎಂದು ವಿವರಿಸಿದೆ. ಲಗಮಪ್ಪ ತಾಳ್ಮೆಯಿಂದ ಕೇಳಿಸಿಕೊಂಡು ಒಂದೇ ಮಾತು ಹೇಳಿದ. "ಅವರು ಭಂಡಾರ ಮುಟ್ಯಾರ್ರಿ ಬಾಯಾರ. ನಾನೂ ಮುಟ್ಟೇನಿ."

ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೊರಬಂತು. ಮನೆಯಲ್ಲಿಟ್ಟಿದ್ದ ಮೂರು ಲಕ್ಷ ಆಗಲೇ ಸದಾನಂದನ ಕೈ ಸೇರಿತ್ತು. ತಿಂಗಳಿಗೆ ಒಂಬತ್ತು ಸಾವಿರದಂತೆ ಎರಡು ತಿಂಗಳು ಬಂದಿತ್ತು. ಅದರಿಂದ ನಂಬಿಕೆ ಗಟ್ಟಿಯಾಗಿತ್ತು. ಇವರಲ್ಲಿ ಕುರಿ ಪಾಲಿಗೆ ಹಾಕುವ ರೂಢಿಯಿದೆ. ಮೇಯಿಸಲಾಗದವನು ತನ್ನ ಕುರಿಗಳನ್ನು ಇನ್ನೊಬ್ಬನ ಹಿಂಡಿಗೆ ಸೇರಿಸುತ್ತಾನೆ. ಹುಟ್ಟುವ ಮರಿಗಳಲ್ಲಿ ಇಬ್ಬರಿಗೂ ಪಾಲು. ಕಾಗದ ಪತ್ರವಿಲ್ಲ, ಭಂಡಾರ ಮುಟ್ಟಿ ಮಾತಾಡಿದರೆ ಮುಗಿಯಿತು. ಒಪ್ಪಿದ ಗಡುವಿನ ತನಕ ಹೋಗಿ ಕುರಿ ಎಣಿಸುವುದು, ವಾಪಸ್ ಕೇಳುವುದು, ಊರಲ್ಲಿ ಅನುಮಾನದ ಮಾತಾಡುವುದು ಮೇಯಿಸುವವನಿಗೆ ಮಾಡುವ ಅವಮಾನ, ಹಿಂಡಿಗೂ ಒಳ್ಳೆಯದಲ್ಲ. ಸದಾನಂದ ಬ್ಯಾಂಕಿನ ಮಾತು ಆಡಿದ್ದರೆ ಇವರು ನಾಲ್ಕು ಜನರನ್ನು ವಿಚಾರಿಸುತ್ತಿದ್ದರು. ಅವನು ಕುರಿಯ ಮಾತಾಡಿದ್ದ. ನಾಲ್ಕು ಜನರನ್ನು ವಿಚಾರಿಸುವುದೇ ತಪ್ಪಾಗುವ ಜಾಗದಲ್ಲಿ ಇವರನ್ನು ತಂದು ನಿಲ್ಲಿಸಿದ್ದ. ಇದು ನನಗೆ ಅರ್ಥವಾದಾಗ ಆ ಮನುಷ್ಯನ ಮೇಲೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ.

ನಾನೂ ಜಾಣತನ ತೋರಿಸಲು ಹೋದೆ. ಪಾಲಿಗೆ ಹಾಕಿದ ಕುರಿ ಸತ್ತರೆ ಏನು ಮಾಡುತ್ತಾರೆ ಎಂದು ಲಗಮಪ್ಪನನ್ನು ಕೇಳಿದೆ. ಸತ್ತ ಕುರಿಯ ಗುರುತಿನ ಕಿವಿ ಕೊಯ್ದು ತಂದು ತೋರಿಸುತ್ತಾರೆ ಎಂದ. ಹಾಗಾದರೆ ನಿಮ್ಮ ರೊಕ್ಕ ಎಲ್ಲಿ ಮೇಯುತ್ತಿದೆ ಎಂದು ಸದಾನಂದ ಒಮ್ಮೆಯಾದರೂ ತೋರಿಸಿದ್ದಾನೆಯೇ ಎಂದೆ. ಲಗಮಪ್ಪ ತಲೆ ಕೆರೆದುಕೊಂಡ. ಅದು ಶೇರು ಮಾರ್ಕೆಟ್ಟಿನಲ್ಲಿದೆ, ಕಣ್ಣಿಗೆ ಕಾಣುವುದಿಲ್ಲವಂತೆ ಎಂದ. ನನ್ನ ಜಾಣತನ ಅಲ್ಲಿಗೆ ಮುಗಿಯಿತು. ಫಾರಂ ಕೊಡಿ, ಬಸ್ಸಿಗೆ ಹೊತ್ತಾಗುತ್ತದೆ ಎಂದು ಎದ್ದ. ಕೊಡದೆ ದಾರಿಯಿರಲಿಲ್ಲ. ಫಾರಂ ತೆಗೆದು ಮೇಜಿನ ಮೇಲಿಟ್ಟೆ. ಅವನು ಸಹಿ ಮಾಡಿದ. ಪೆನ್ನು ಬಾಳವ್ವನ ಕೈಗೆ ಹೋಯಿತು.

ನನಗೆ ಉಳಿದದ್ದು ಬಾಳವ್ವ ಒಬ್ಬಳೇ. ದಸರಾಕ್ಕೆ ಹೊಲದವನಿಗೆ ಏನು ಕೊಡುತ್ತೀರಿ ಎಂದು ಅವಳನ್ನು ಕೇಳಿದೆ. ಅಷ್ಟರಲ್ಲಿ ಎಲ್ಲ ತಿರುಗಿ ಬರುತ್ತದೆಂದು ಸದಾನಂದ ಹೇಳಿದ್ದಾನೆ ಎಂದಳು. ಹಾಗಿದ್ದರೆ ಈ ಎಂಟು ಲಕ್ಷ ಕೊಡುವ ಮುಂಚೆ ಆ ಮೂರು ಲಕ್ಷ ಒಮ್ಮೆ ವಾಪಸ್ ಕೇಳಿ, ಕೊಟ್ಟರೆ ಮರುದಿನವೇ ಬನ್ನಿ, ನಾನೇ ಎದ್ದು ನಿಂತು ಎಂಟು ಲಕ್ಷ ಕೊಡುತ್ತೇನೆ ಎಂದೆ. ಲಗಮಪ್ಪ ಕೇಳುವುದೇ ಬೇಡ ಎಂದ. ಕೇಳಿದರೆ ಭಂಡಾರದ ಮೇಲೆ ಅನುಮಾನ ಪಟ್ಟ ಹಾಗೆ. ಬಾಳವ್ವ ಪೆನ್ನು ಹಿಡಿದುಕೊಂಡು ಫಾರಂ ಮೇಲಿನ ಗಂಡನ ಸಹಿ ನೋಡುತ್ತ ಕೂತಳು. ಹೊರಗೆ ಕೌಂಟರಿನಲ್ಲಿ ಜನರ ಗದ್ದಲ. ಕೊನೆಗೆ ಅವಳು ಗಂಡನ ಕಡೆ ತಿರುಗಿದಳು.

"ಭಂಡಾರ ನೀವು ಮುಟ್ಟೀರಿ, ನಾ ಮುಟ್ಟಿಲ್ಲ. ಹೊಲಕ್ಕ ರೊಕ್ಕ ಬೇಕಾಗೇತಿ ಅಂತ ನಾ ಕೇಳತೇನಿ. ಬೇಕು ಅಂದ್ರ ಅನುಮಾನ ಹೆಂಗಾಗತೈತಿ?"

ಪೆನ್ನನ್ನು ಮೇಜಿನ ಮೇಲಿಟ್ಟಳು. ಲಗಮಪ್ಪನಿಗೆ ನನ್ನ ಮೇಲೆ ಸಿಟ್ಟು ಬಂದದ್ದು ಮುಖದಲ್ಲೇ ಕಾಣುತ್ತಿತ್ತು. ಆ ಫಾರಂ ಅನ್ನು ಅವನ ಕೈಗೇ ಕೊಟ್ಟೆ. ಮರುದಿನ ಇಬ್ಬರೂ ಗೋಕಾಕಕ್ಕೆ ಹೋಗುವುದೆಂದು ಆಯಿತು.

ಮಂಗಳವಾರ ನಾನು ಮಾಡಿದ ಕೆಲಸದಲ್ಲಿ ಎಷ್ಟು ತಪ್ಪುಗಳಿದ್ದವೋ ದೇವರೇ ಬಲ್ಲ. ಅವನು ಸಿಹಿ ಮಾತಾಡಿ ಅಲ್ಲಿಯೇ ಅವಳ ಸಹಿ ಹಾಕಿಸಿಕೊಂಡರೆ? ನಂಬಿಸಲು ಮೂರು ಲಕ್ಷವನ್ನು ಕೊಟ್ಟೇ ಬಿಟ್ಟರೆ? ಹಾಗೆ ಕೊಟ್ಟು ಮರುದಿನ ಹನ್ನೊಂದು ಲಕ್ಷವನ್ನೂ ಎಳೆದುಕೊಳ್ಳುವ ಮೋಸಗಾರರೂ ಇರುತ್ತಾರೆ. ಆಗ ನಾನೇ ಕೈಯಾರೆ ತಳ್ಳಿದ ಹಾಗಾಗುತ್ತಿತ್ತು.

ಬುಧವಾರ ಬಾಗಿಲು ತೆಗೆಯುವಾಗಲೇ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದರು. ಲಗಮಪ್ಪ ತಲೆ ತಗ್ಗಿಸಿದ್ದ. ನಡೆದದ್ದನ್ನು ಬಾಳವ್ವ ಹೇಳಿದಳು. ಮೊದಲು ಸದಾನಂದ ನಕ್ಕು ಚಹಾ ತರಿಸಿದನಂತೆ. ಹೊಲ ಯಾಕೆ, ಹಣ ಮರಿ ಹಾಕುತ್ತಿರುವಾಗ ಮಣ್ಣು ಯಾಕೆ ಎಂದನಂತೆ. ಇವಳು ಬಿಡದೆ ಮತ್ತೆ ಕೇಳಿದಾಗ ಮುಂದಿನ ತಿಂಗಳು ಎಂದ. ಮೂರನೆಯ ಸಲ ಕೇಳಿದಾಗ ಅವನ ದನಿ ಬದಲಾಯಿತು. ಮೂಲೆಯ ಬಟ್ಟಲನ್ನು ತಂದು ಮೇಜಿನ ಮೇಲೆ ಕುಕ್ಕಿ, ಭಂಡಾರದ ಮಾತು ಮುರಿದರೆ ಬೀರಪ್ಪ ಸುಮ್ಮನಿರುವುದಿಲ್ಲ, ಮನೆಯಲ್ಲಿ ಹಸುಗೂಸಿದೆ ಎಂಬುದು ನೆನಪಿರಲಿ ಎಂದನಂತೆ.

ಇದನ್ನು ಹೇಳುವಾಗ ಬಾಳವ್ವ ಸೆರಗನ್ನು ಬಿಗಿಯಾಗಿ ಎಳೆದುಕೊಂಡಳು. ಹೆದರಿಕೆಯೆಂದು ನಾನು ತಿಳಿದೆ. ಅದು ಹೆದರಿಕೆಯಾಗಿರಲಿಲ್ಲ.

"ಭಂಡಾರ ನಾವು ಕೂಸಿನ ಹಣಿಗೆ ಹಚ್ಚೂದ್ರಿ ಬಾಯಾರ, ಚಲೋ ಆಗಲಿ ಅಂತ. ಕೂಸಿಗೆ ಕೆಟ್ಟಾಗಲಿ ಅನ್ನಾಕ ಯಾವ ಕುರುಬನೂ ಅದನ್ನ ಕೈಯಾಗ ಹಿಡಿಯೂದಿಲ್ಲ. ಅವ ನಮ್ಮವ ಅಲ್ಲ. ಅವಂಗ ದೇವರೂ ಗೊತ್ತಿಲ್ಲ."

ನಾನು ತೋರಿಸಿದ ವೆಬ್‌ಸೈಟು, ನೋಂದಣಿ ಸಂಖ್ಯೆ, ಕಿವಿಯ ಪ್ರಶ್ನೆ ಯಾವುದೂ ಮಾಡದ ಕೆಲಸವನ್ನು ಸದಾನಂದ ತಾನೇ ಮಾಡಿಕೊಂಡಿದ್ದ. ಲಗಮಪ್ಪ ಜೇಬಿನಿಂದ ಮಡಿಚಿದ ಫಾರಂ ತೆಗೆದು, ಹರಿದು, ನನ್ನ ಮೇಜಿನ ಕೆಳಗಿನ ಬುಟ್ಟಿಗೆ ಹಾಕಿದ. ನನಗೆ ಅಳು ಬಂತು. ಮ್ಯಾನೇಜರ್ ಅಳಬಾರದೆಂದು ಚಷ್ಮಾ ಒರೆಸಿಕೊಳ್ಳುವ ನೆಪ ಮಾಡಿದೆ.

ಉಳಿದದ್ದು ಪೊಲೀಸ್ ದೂರು. ಲಗಮಪ್ಪ ಅದಕ್ಕೆ ಹಿಂಜರಿದ. ಊರಿನಲ್ಲಿ ಎಲ್ಲರೂ ಬಾಯಿ ಕಟ್ಟಿಕೊಂಡಿರುವಾಗ ತಾನೊಬ್ಬ ಹೇಗೆ ಬಾಯಿ ಬಿಡಲಿ ಎಂಬುದು ಅವನ ಸಂಕಟ. ಆ ಭಾನುವಾರ ಬೀರಪ್ಪನ ಗುಡಿಯಲ್ಲಿ ಹಿರಿಯರ ಮುಂದೆ ಬಾಳವ್ವನೇ ನಿಂತು, ಸದಾನಂದ ಕೂಸಿನ ಮೇಲೆ ಆಡಿದ ಮಾತನ್ನು ಹೇಳಿದಳಂತೆ. ಆಮೇಲೆ ಒಬ್ಬೊಬ್ಬರಾಗಿ, ನಾನೂ ಕೊಟ್ಟೇನಿ, ನಾನೂ ಕೊಟ್ಟೇನಿ ಎಂದು ಶುರುವಾಯಿತಂತೆ. ಪಕ್ಕದ ಮನೆಯವರೂ ಕೊಟ್ಟಿದ್ದರೆಂದು ಲಗಮಪ್ಪನಿಗೆ ಗೊತ್ತಾದದ್ದು ಅಂದೇ. ಗುಡಿಯಿಂದ ಎದ್ದವರು ಮರುದಿನ ಠಾಣೆಗೆ ಹೋದರು. ನಮ್ಮ ಮೇಲಿನ ಕಚೇರಿಯೂ ಅಷ್ಟೊತ್ತಿಗೆ ಎಚ್ಚೆತ್ತು, ಆ ಖಾತೆಯಲ್ಲಿ ಉಳಿದಿದ್ದ ಹಣವನ್ನು ಪೊಲೀಸರು ತಡೆಹಿಡಿದರು. ಅದು ಹೋದದ್ದರ ಮುಂದೆ ಏನೂ ಅಲ್ಲ. ಸದಾನಂದ ಬೀಗ ಹಾಕಿ ಓಡಿಹೋಗಿದ್ದ. ತಿಂಗಳ ನಂತರ ಸಿಕ್ಕ. ಪ್ರಕರಣ ಇನ್ನೂ ಕೋರ್ಟಿನಲ್ಲಿದೆ. ಲಗಮಪ್ಪನ ಮೂರು ಲಕ್ಷ ಬಂದಿಲ್ಲ, ಬರುತ್ತದೆಂದು ನಾನು ಅವನಿಗೆ ಹೇಳಿಯೂ ಇಲ್ಲ.

ನಿವೃತ್ತಿಯಾದ ಮೇಲೆ ಅನೇಕರು ನನ್ನನ್ನು ಕೇಳುತ್ತಾರೆ, ಮೋಸದ ಸಲಹೆಗಾರನನ್ನು ಗುರುತಿಸುವುದು ಹೇಗೆ ಎಂದು. ನೋಂದಣಿ ನೋಡಿ, ಸ್ವಂತ ಖಾತೆಗೆ ಹಣ ಹಾಕಬೇಡಿ, ಖಾತ್ರಿ ಎಂದವನಿಂದ ದೂರವಿರಿ, ಅವಸರ ಮಾಡಿದವನಿಂದ ಇನ್ನೂ ದೂರವಿರಿ ಎನ್ನುತ್ತೇನೆ. ಇವೆಲ್ಲ ಹೌದು. ಆದರೆ ಈ ಪ್ರಸಂಗ ನನಗೆ ಕಲಿಸಿದ ಮುಖ್ಯ ಪಾಠ ಬೇರೆ. ಹೂಡಿಕೆಯ ಮಾತಿಗೆ ಯಾರಾದರೂ ನಮ್ಮವರು, ದೇವರು, ಆಣೆ ಇವನ್ನು ತಂದು ಸೇರಿಸಿದರೆ, ಇದನ್ನು ಯಾರಿಗೂ ಹೇಳಬೇಡಿ ಎಂದರೆ, ಅಂದೇ ಸಂಜೆ ನಾಲ್ಕು ಜನರಿಗೆ ಹೇಳಿಬಿಡಿ. ಕೊಟ್ಟಾಗಿದ್ದರೆ, ಕೊಟ್ಟದ್ದು ಚಿಕ್ಕದಿರುವಾಗಲೇ ಒಮ್ಮೆ ವಾಪಸ್ ಕೇಳಿ ನೋಡಿ. ಕೊಡುವಾಗ ಎಲ್ಲರ ಮುಖವೂ ಒಂದೇ ಥರ ಇರುತ್ತದೆ, ಕೇಳುವಾಗ ಇರುವುದಿಲ್ಲ.

ಹೊಲದ ಮಾಲೀಕ ಒಳ್ಳೆಯವನು. ಎಂಟು ಲಕ್ಷಕ್ಕೆ ಬರುವಷ್ಟೇ, ಇಪ್ಪತ್ತೆರಡು ಗುಂಟೆ, ಬೇರೆ ಮಾಡಿಸಿ ಕೊಡಲು ಒಪ್ಪಿದ. ಸರ್ವೆಯವರು ಬಂದು ಅಳೆದು ನಕ್ಷೆ ಮಾಡುವಷ್ಟರಲ್ಲಿ ದೀಪಾವಳಿಯೂ ದಾಟಿತು. ರಿಜಿಸ್ಟ್ರಿಯ ದಿನ ನನ್ನನ್ನೂ ಕರೆದರು. ಹೊಲ ಬಾಳವ್ವನ ಹೆಸರಿಗೆ ಆಗಬೇಕೆಂದು ಲಗಮಪ್ಪನೇ ಹೇಳಿದನೆಂದು ಅಲ್ಲಿ ಗೊತ್ತಾಯಿತು. ಕೆಲಸ ಮುಗಿದು ಕಚೇರಿಯ ಮುಂದೆ ಚಹಾ ಕುಡಿಯುವಾಗ ಅವನು, ಎಂಟು ಗುಂಟೆ ನನ್ನಿಂದ ಹೋಯಿತು ಎಂದು ಮತ್ತೆ ಶುರು ಮಾಡಿದ. ಆ ವಿಷಯದ ಮೇಲೆ ಅವನು ಎಷ್ಟು ಸಲ ನೊಂದಿದ್ದನೋ ಏನೋ. ಬಾಳವ್ವ ಅವನನ್ನು ತಡೆಯದೆ ಮುಗಿಯುವ ತನಕ ಕೇಳಿದಳು. ಆಮೇಲೆ ನನ್ನ ಕಡೆ ನೋಡಿ ಹೇಳಿದಳು.

"ಇರಲಿ ಬಿಡ್ರಿ ಬಾಯಾರ, ಆಡಲಿ. ಆವಾಗ ಭಂಡಾರ ಮುಟ್ಟಿ ಬಂದ ಮ್ಯಾಲೆ ಮೂರ ತಿಂಗಳ ಈ ಮನಶ್ಯಾ ಮನ್ಯಾಗ ನನ್ನ ಜೋಡಿ ಒಂದ ಮಾತ ಆಡಿರಲಿಲ್ರಿ."